ಬೆಳ್ಗಲ್ಲಿಗೆ ದಡದವರು ಬಂದದ್ದು

ಬೆಳ್ಗಲ್ಲು ಎಂಬ ದ್ವೀಪದಲ್ಲಿ, ಸಮುದ್ರಕ್ಕೆ ಮುಖ ಮಾಡಿದ ಬಂಡೆಯ ಮೇಲೆ ಒಂದು ಆಶ್ರಮ. ಆಶ್ರಮ ಎಂದರೆ ತೆಂಗಿನ ಗರಿಯ ಮಾಡು, ಸಗಣಿ ಸಾರಿಸಿದ ಜಗಲಿ, ಅಷ್ಟೆ. ಗುರು ದುಗ್ಗಮ್ಮ ಅಲ್ಲಿದ್ದರು.

ಶಿಷ್ಯೆಯ ಹೆಸರು ಗುಲಾಬಿ. ಬೆಳಿಗ್ಗೆ ಆ ಜಗಲಿಯಲ್ಲಿ ಊರಿನ ಮಕ್ಕಳನ್ನು ಕೂರಿಸಿಕೊಂಡು ಓದಲು ಬರೆಯಲು ಕಲಿಸುತ್ತಿದ್ದಳು. ಹಿಂದೊಮ್ಮೆ ಇಲ್ಲಿ ಶಾಲೆ ನಡೆಸುತ್ತೇನೆಂದು ಹೊರಟ ಮೇಷ್ಟ್ರೊಬ್ಬರು ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು, ಅದೇ ದೋಣಿಯಲ್ಲಿ ತಿರುಗಿ ಹೋಗಿದ್ದರು. ಅವರು ಮರಳಿಗೆ ಕಾಲಿಟ್ಟದ್ದನ್ನು ಕಂಡವರಿಲ್ಲ.

ಒಂದು ದಿನ ಗುಲಾಬಿ ಮಗಳನ್ನು ಸೊಂಟಕ್ಕೆ ಏರಿಸಿಕೊಂಡು, ಬಟ್ಟೆಯ ಗಂಟು ಹಿಡಿದು ಬಂದಳು.

“ಅಮ್ಮಾ, ಅಪ್ಪಣೆ ಕೊಡಿ. ದಡಕ್ಕೆ ಹೋಗುತ್ತೇನೆ.”

ಬೆಳ್ಗಲ್ಲಿನವರು ಮೂಡಣದ ನೆಲವನ್ನು ದಡ ಎಂದೇ ಕರೆಯುತ್ತಿದ್ದರು. ಅಕ್ಕಿ ದಡದಿಂದ ಬರುತ್ತಿತ್ತು. ಡಾಕ್ಟರು ದಡದಲ್ಲಿದ್ದರು. ಗುಲಾಬಿಯ ಗಂಡ ರಘು ದಡದಲ್ಲೇ ಮಂಜುಗಡ್ಡೆ ಒಡೆಯುವ ಕೆಲಸ ಮಾಡಿ, ಶನಿವಾರ ಮನೆಗೆ ಬರುತ್ತಿದ್ದ. ಈಗ ಅಲ್ಲಿ ಒಂದು ಬಾಡಿಗೆ ಕೋಣೆ ನೋಡಿದ್ದ.

“ಸಂತೆಗೇನು?” ಎಂದರು ಗುರುಗಳು.

“ಅಲ್ಲ ಅಮ್ಮ. ಊರು ಬಿಟ್ಟೇ ಹೋಗುತ್ತೇನೆ. ಇವಳನ್ನಾದರೂ ದಡ ಸೇರಿಸಬೇಕಲ್ಲ.”

ಗುರುಗಳು ಮಗುವಿನ ಅಂಗಾಲು ಮುಟ್ಟಿ ನೋಡಿದರು.

“ಒಣಗಿಯೇ ಇದೆಯಲ್ಲೇ!”

“ನಿಮಗೆ ತಮಾಷೆ. ಇಲ್ಲಿ ಏನಿದೆ ಹೇಳಿ? ನಾಲ್ಕು ತೆಂಗು, ನಾಲ್ಕು ದೋಣಿ. ಮಳೆಗಾಲ ಬಂತೆಂದರೆ ಪ್ರಪಂಚವೇ ಬಾಗಿಲು ಹಾಕಿಕೊಳ್ಳುತ್ತದೆ. ದಡದ ಪೇಟೆಯಲ್ಲಿ ನಾನು ಮೀನುಬುಟ್ಟಿ ಇಳಿಸಿದರೆ ಸಾಕು, ಆ ಶೀನಣ್ಣ ಶುರು ಮಾಡುತ್ತಾನೆ: ‘ಬಂದಳು ನೋಡ್ರೋ, ಕಲ್ಲಿನವಳು!’ ನಾಳೆ ನನ್ನ ಮಗಳಿಗೂ ಅದೇ ಹೆಸರಾಗಬೇಕೇ?”

“ಬೆಳ್ಗಲ್ಲಿನವಳು ಕಲ್ಲಿನವಳೇ. ತಪ್ಪೇನು?”

“ಅವನು ಹೇಳುವ ರೀತಿ ನೀವು ಕೇಳಿಲ್ಲ.”

“ನೀನೇನು ಹೇಳಿದೆ ಅವನಿಗೆ?”

ಗುಲಾಬಿ ಗಂಟನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು.

“ಏನೂ ಇಲ್ಲ. ಹೊಸಬರು ಯಾರಾದರೂ ಯಾವೂರು ಎಂದು ಕೇಳಿದರೆ ದಡದ ಊರಿನ ಹೆಸರು ಹೇಳಿಬಿಡುತ್ತೇನೆ.”

“ನನ್ನೆದುರು ಇಷ್ಟುದ್ದ ಇರುವ ನಾಲಿಗೆ ಅಲ್ಲಿ ಗಿಡ್ಡವಾಗುತ್ತದೆ ಅನ್ನು.”

ಗುಲಾಬಿ ಹೊರಡಲು ತಿರುಗಿದಳು.

“ಮಕ್ಕಳ ಪಾಠ?”

“ಬೇರೆ ಯಾರಾದರೂ...” ಎಂದು ಗುಲಾಬಿ ಅರ್ಧಕ್ಕೇ ನಿಲ್ಲಿಸಿದಳು. ಊರಿನಲ್ಲಿ ಬೇರೆ ಯಾರೂ ಇರಲಿಲ್ಲ. ತಾನು ಎದ್ದು ಹೋದರೆ ಆ ಜಗಲಿಯಲ್ಲಿ ಬಲೆ ಒಣಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

“ಆಗಲಿ, ಹೋಗು,” ಎಂದರು ಗುರುಗಳು. “ದಡ ಎಲ್ಲಿದೆ ಎಂದು ತಿಳಿದುಕೊಂಡು ಹೋಗು.”

“ಅಷ್ಟೂ ಗೊತ್ತಿಲ್ಲವೇ ನನಗೆ? ಅಗೋ!”

ಅವಳು ಮೂಡಣಕ್ಕೆ ಕೈ ತೋರಿದಳು. ಗುರುಗಳು ಆ ಕಡೆ ತಿರುಗಲಿಲ್ಲ. ಅವರು ಪಡುವಣದ ಮೋಡ ನೋಡುತ್ತಿದ್ದರು.

ಗುಲಾಬಿ ಬಂಡೆ ಇಳಿಯುವುದರೊಳಗೆ ಗಾಳಿ ಎದ್ದಿತು. ದೋಣಿಯವನು ದೋಣಿಯನ್ನು ಮೇಲೆಳೆದು ಕಟ್ಟಿಬಿಟ್ಟ. ಗುಲಾಬಿ ಬುಸುಗುಡುತ್ತಾ ತಿರುಗಿ ಬಂದಳು.

“ನೋಡಿದಿರಾ? ಒಂದು ಗಾಳಿ ಬೀಸಿದರೆ ಮುಗಿಯಿತು. ಇದೂ ಒಂದು ಬಾಳೇ?”

ಅಷ್ಟರಲ್ಲಿ ಕೆಳಗಿನಿಂದ ಕೂಗು ಕೇಳಿಸಿತು. ದಡದ ದೋಣಿಯೊಂದು ಎಂಜಿನ್ ಕೆಟ್ಟು, ಅಲೆ ಎಳೆದತ್ತ ಬುಗುರಿಯಂತೆ ತಿರುಗುತ್ತಿತ್ತು. ಅದರಲ್ಲಿ ಜನ ಇದ್ದರು.

ಗುಲಾಬಿ ಮಗುವನ್ನು ಗುರುಗಳ ಮಡಿಲಿಗೆ ಹಾಕಿ, ಸೀರೆಗೆ ಕಚ್ಚೆ ಬಿಗಿದು ಓಡಿದಳು.

ಊರಿಗೆ ಊರೇ ಹಗ್ಗ ಹಿಡಿದು ನೀರಿಗಿಳಿದಿತ್ತು. ಎರಡು ಬಂಡೆಗಳ ನಡುವೆ ಅಲೆಯ ಸಿಟ್ಟು ಕಡಿಮೆಯಾಗುವ ಒಂದು ಜಾಗವಿದೆ. ಬೆಳ್ಗಲ್ಲಿನ ಮಕ್ಕಳು ಈಜು ಕಲಿಯುವುದೇ ಅಲ್ಲಿ. ಗುಲಾಬಿ ಕತ್ತು ಮುಳುಗುವ ನೀರಿನಲ್ಲಿ ನಿಂತು ಅರಚಿದಳು:

“ಎಡಕ್ಕೆ ಬನ್ನಿ! ಎಡಕ್ಕೆ! ಉಣ್ಣುವ ಕೈ ಅಲ್ಲ, ಇನ್ನೊಂದು!”

ಅಂಥ ಗಾಳಿಯಲ್ಲೂ ಅವಳ ಬೈಗುಳ ದೋಣಿ ಮುಟ್ಟಿತು. ದೋಣಿಯವರು ಹಗ್ಗ ಹಿಡಿದರು. ಊರು ಎಳೆಯಿತು.

ಮೂವರೂ ಬದುಕಿ ಬಂದರು. ಅವರಲ್ಲಿ ಹಿರಿಯವನು ಮರಳಿನ ಮೇಲೆ ಬೋರಲು ಬಿದ್ದು, ಎರಡು ಮುಷ್ಟಿ ಮರಳು ಎತ್ತಿ ಕಣ್ಣಿಗೆ ಒತ್ತಿಕೊಂಡ. ಮುಖ ಎತ್ತಿದಾಗ ಗುಲಾಬಿಗೆ ಗುರುತು ಸಿಕ್ಕಿತು. ಪೇಟೆಯ ಶೀನಣ್ಣ!

“ದಡ... ದಡ ಸಿಕ್ಕಿತಪ್ಪಾ ದೇವರೇ!” ಎಂದು ಅವನು ಅಳುತ್ತಿದ್ದ.

ಗುಲಾಬಿ ತಿರುಗಿ ನೋಡಿದಳು. ಬೆನ್ನ ಹಿಂದೆ ಇದ್ದದ್ದು ಬೆಳ್ಗಲ್ಲು.

“ಏನಂದಿರಿ ಶೀನಣ್ಣ?”

“ದಡ ಸಿಕ್ಕಿತು ಅಂದೆ ತಂಗೀ.”

“ಇನ್ನೊಂದು ಸಲ ಹೇಳಿ.”

“ಮೊದಲು ಒಂದು ಲೋಟ ನೀರು ಕೊಡು ಮಾರಾಯ್ತಿ. ಆಮೇಲೆ ನೂರು ಸಲ ಹೇಳುತ್ತೇನೆ.”

ಗಾಳಿ ನಿಲ್ಲುವವರೆಗೆ ಮೂವರೂ ಆಶ್ರಮದಲ್ಲೇ ಉಳಿದರು. ಗುಲಾಬಿ ಅವರಿಗೆ ಗಂಜಿ ಬಡಿಸಿ, ಪಕ್ಕದಲ್ಲೇ ಪಾಠ ಮಾಡಿದಳು. ಮಕ್ಕಳು ಒಬ್ಬೊಬ್ಬರಾಗಿ ಎದ್ದು, ತಡವರಿಸದೆ ಓದಿದರು. ಶೀನಣ್ಣ ಗಂಜಿ ಮರೆತು ಕೇಳಿದ.

“ನನ್ನ ಮಗಳು ಐದನೆಯ ತರಗತಿ,” ಎಂದ. “ದೊಡ್ಡ ಶಾಲೆ. ಕುತ್ತಿಗೆಗೆ ಟೈ ಬೇರೆ. ಹೀಗೆ ಓದಲು ಬರುವುದಿಲ್ಲ ಅದಕ್ಕೆ.”

“ಟೈ ಸಡಿಲ ಮಾಡಿ ನೋಡಿ. ಗಂಟಲು ಬಿಟ್ಟೀತು.”

ಶೀನಣ್ಣನೂ ನಕ್ಕ. ಅಂದು ಸಂಜೆ ಗುಲಾಬಿ ಗಂಟು ಬಿಚ್ಚಿ, ಬಟ್ಟೆ ಕೊಡವಿ, ಗುರುಗಳ ಎದುರು ನಿಂತಳು.

“ಅಮ್ಮಾ, ನಾನು ಹೋಗುವುದಿಲ್ಲ.”

“ಇದು ಗಾಳಿಯ ಮಾತು. ಬಿಸಿಲು ಬಿದ್ದ ದಿನ ಹೇಳು.”

“ಹೋಗುತ್ತೇನೆ ಎಂದರೂ ನಿಮಗೆ ಸರಿಯಿಲ್ಲ, ಇರುತ್ತೇನೆ ಎಂದರೂ ಸರಿಯಿಲ್ಲ!”

“ಯಾವುದನ್ನೂ ನಾನು ಬೇಡ ಎನ್ನಲಿಲ್ಲ. ಎರಡು ಸಲವೂ ನೀನು ಆತುರದಲ್ಲೇ ಬಂದೆ.”

ಬಿಸಿಲು ಬಿತ್ತು. ಸಮುದ್ರ ಎಣ್ಣೆ ಹಚ್ಚಿದಂತೆ ಹೊಳೆಯಿತು. ಆಚೆಯ ಊರಿನ ಗೋಪುರಗಳು, ಶಾಲೆಯ ಬಿಳಿ ಗೋಡೆ, ಎಲ್ಲವೂ ಕೈಗೆ ಸಿಗುವಷ್ಟು ಹತ್ತಿರ ಕಂಡವು. ಶೀನಣ್ಣ ಎಂಜಿನ್ ಸರಿಮಾಡಿಕೊಂಡು ಕೂಗಿದ:

“ಬಾ ತಂಗೀ, ನಿನ್ನ ಗಂಡನ ಕೋಣೆಯ ಬಾಗಿಲಿಗೇ ಬಿಡುತ್ತೇನೆ.”

ಗುಲಾಬಿ ಮಗಳೊಡನೆ ಮೊಣಕಾಲು ನೀರಿನಲ್ಲಿ ನಿಂತಳು. ಅವಳಿಗೆ ಆಸೆ ಇರಲಿಲ್ಲವೆಂದಲ್ಲ. ಮಗುವಿಗೆ ಜ್ವರ ಬಂದರೆ ಓಡಲು ಆಸ್ಪತ್ರೆ, ಸಂಜೆಯ ಹೊತ್ತು ಗಂಡ, ಗುಂಡಿ ಒತ್ತಿದರೆ ತಿರುಗುವ ಫ್ಯಾನು. ಅವಳು ಆ ಬಿಳಿ ಗೋಡೆಯನ್ನು ತುಂಬ ಹೊತ್ತು ನೋಡಿದಳು. ಮೇಲೆ ಜಗಲಿಯಲ್ಲಿ ಮಕ್ಕಳು ಬಂದು ಸೇರುತ್ತಿದ್ದರು. ಯಾರೂ ಅವಳನ್ನು ಕರೆಯಲಿಲ್ಲ.

“ನಮ್ಮ ಮನೆಯವರಿಗೆ ಒಂದು ಮಾತು ಮುಟ್ಟಿಸಿ ಶೀನಣ್ಣ,” ಎಂದಳು. “ಕೋಣೆ ಬೇಡ. ಶನಿವಾರ ಬರುವಾಗ ಬಳಪ ತರಲಿ.”

“ಸಿಟ್ಟು ಮಾಡಿಕೊಂಡರೆ?”

“ಈಜಿಕೊಂಡು ಬಂದು ಬೈಯಲಿ.”

“ಮಗಳ ಗತಿ ಏನು ಮಾರಾಯ್ತಿ?”

“ಇಲ್ಲಿ ಓದಲಿ. ದೊಡ್ಡವಳಾದ ಮೇಲೆ ಆ ದಡಕ್ಕೂ ಬರಲಿ. ಯಾವೂರು ಎಂದು ನಿಮ್ಮವರು ಕೇಳಿದರೆ, ಬೆಳ್ಗಲ್ಲು ಎಂದು ಕತ್ತೆತ್ತಿ ಹೇಳಲಿ. ಅಲ್ಲಿಯವರೆಗೆ ನಾನು ಹೇಳುತ್ತೇನೆ.”

‘ಆ ದಡ’ ಎಂದದ್ದು ಅವಳಿಗೇ ಹೊಸದಾಗಿ ಕೇಳಿಸಿತು.

ಅವಳು ಬಂಡೆ ಹತ್ತಿ ಬಂದಾಗ ಗುರುಗಳು ಮಗುವನ್ನು ಎತ್ತಿಕೊಳ್ಳಲು ಎರಡೂ ಕೈ ಚಾಚಿದರು.

ಬೇಸಿಗೆ ರಜೆ ಬಂತು. ಒಂದು ಬೆಳಿಗ್ಗೆ ಶೀನಣ್ಣನ ದೋಣಿ ಮತ್ತೆ ಬೆಳ್ಗಲ್ಲಿನತ್ತ ಬಂತು. ಈ ಸಲ ಎಂಜಿನ್ ಕೆಟ್ಟಿರಲಿಲ್ಲ. ದೋಣಿಯಿಂದ ಅವನ ಮಗಳು ಇಳಿದಳು. ಅವಳ ಹಿಂದೆ ಪೇಟೆಯ ಇನ್ನೂ ಕೆಲವು ಮಕ್ಕಳು, ಚೀಲ ತಲೆಯ ಮೇಲಿಟ್ಟುಕೊಂಡು.

ಗುಲಾಬಿ ಪಾಠ ಬಿಟ್ಟು, ಸೆರಗು ಸರಿಮಾಡಿಕೊಳ್ಳುತ್ತಾ ಒಳಗೆ ಓಡಿದಳು.

“ಅಮ್ಮಾ, ಅಮ್ಮಾ! ಆಚೆಯ ಮಕ್ಕಳು ಓದು ಕಲಿಯಲು ಬಂದಿದ್ದಾರೆ! ದೊಡ್ಡ ಶಾಲೆಯವರು! ಜಗಲಿ ತುಂಬಿಹೋಗಿದೆ. ನಮ್ಮವರನ್ನು ಎಬ್ಬಿಸಿ ಮುಂದೆ ಚಾಪೆ ಹಾಸಲೇ? ಎಲ್ಲಿ ಕೂರಿಸಲಿ?”

ಗುರುಗಳು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ಮೊರದಿಂದ ಕಣ್ಣು ಎತ್ತಲಿಲ್ಲ.

“ಹಿಂದೆ ಕೂರಿಸು. ತಡವಾಗಿ ಬಂದವರಿಗೆ ಅಲ್ಲೇ ಜಾಗ.”