ನಲವತ್ತೊಂದು ಮನೆಗಳ ಊರು

ಹೌದಪ್ಪ ಜಯಶೀಲ, ಅಳಿಸೋಕೆ ಒಂದು ಗುಂಡಿ ಇದೆ. ಅದು ನನಗೂ ಗೊತ್ತು. ಹತ್ತು ವರ್ಷದಿಂದ ಭಾನುವಾರದ ನಿದ್ದೆ ಬಿಟ್ಟು ನಿಮಗೆಲ್ಲ ನಕ್ಷೆ ಬರೆಯೋದು ಹೇಳಿಕೊಡ್ತಿದ್ದೀನಿ. ಆದರೂ ವರ್ಷಕ್ಕೊಬ್ಬ ಇದನ್ನೇ ಕೇಳ್ತಾನೆ: "ಸರ್, ಜಾಗಕ್ಕೆ ಹೋಗಿ ಯಾಕೆ ನೋಡ್ಬೇಕು? ಉಪಗ್ರಹದ ಫೋಟೋ ನೋಡಿ ಬರೆಯೋಣ. ತಪ್ಪಾದ್ರೆ ಅಳಿಸೋಣ." ಕೂತ್ಕೋ. ಒಂದು ಕತೆ ಹೇಳ್ತೀನಿ.

ಒಬ್ಬ ದರ್ಜಿ ಇದ್ದ. ನಮ್ಮ ಹಾಗೇ, ಎಲ್ಲರೂ ಸೇರಿ ಇಂಟರ್ನೆಟ್‌ನಲ್ಲಿ ಬರೆಯೋ ನಕ್ಷೆಗೆ ಬಿಡುವಿದ್ದಾಗ ಮನೆ, ದಾರಿ ಸೇರಿಸ್ತಿದ್ದ. ಒಂದು ದಿನ ಫೋಟೋದಲ್ಲಿ ನದಿ ಪಕ್ಕ ಒಂದು ಊರು ಕಾಣಿಸ್ತು. ನಕ್ಷೆಯಲ್ಲಿ ಇರಲಿಲ್ಲ. ನಲವತ್ತೊಂದು ಮನೆ ಬರೆದ. ಮೂಲೆಗಳು ಬಹಳ ನೇರ ಇವೆ ಅಂತ ಪೋಲೆಂಡಿನಿಂದ ಯಾರೋ ಹೊಗಳಿದರು. ದರ್ಜಿ ಅಲ್ಲವೇ.

ಮನೆಗಳಿಗೆ ಹೆಸರು ಬೇಕಿತ್ತು. ವಿಚಾರಿಸಿದ. ಆ ಊರಿನ ದುಂಡವ್ವ ಅನ್ನೋ ಅಜ್ಜಿ ಹತ್ತಿರದ ಕಾಲೊನಿಯೊಂದರಲ್ಲಿ ಸಿಕ್ಕಳು. ಫೋನಲ್ಲಿ ನಕ್ಷೆ ತೋರಿಸಿದ. ಆಕೆ ಬೆರಳಿಟ್ಟು ಹೇಳ್ತಾ ಹೋದಳು: "ಇದು ನಮ್ಮ ಮನಿ. ಇದು ಹುಚ್ಚಪ್ಪಂದು. ಇದು ನೀಲವ್ವಂದು, ಜಗಳಗಂಟಿ, ಜರಾ ಸಣ್ಣದು ಬರಿ."

"ಊರಿಗೆ ಯಾವಾಗ ಹೋಗ್ತೀರಿ ಅವ್ವಾ?"

"ಬ್ಯಾಸಗ್ಯಾಗ."

ಮೊಮ್ಮಕ್ಕಳ ರಜಕ್ಕೆ ಅಂದುಕೊಂಡ. ಎಲ್ಲ ಹೆಸರೂ ಬರೆದ.

ಮಳೆಗಾಲದಲ್ಲಿ ನಮ್ಮ ಗುಂಪಿನವನೊಬ್ಬ ಆ ಕಡೆ ಹೋದ. ನಕ್ಷೆ ಹಿಡಿದು ಊರು ಹುಡುಕಿದ. ಒಂದು ಫೋಟೋ ಕಳಿಸಿದ. ಕಣ್ಣು ಹಾಯುವಷ್ಟೂ ನೀರು, ಒಂದು ಬೆಳ್ಳಕ್ಕಿ. ಕೆಳಗೆ ಬರೆದಿದ್ದ: 'ಊರಲ್ಲಿ ಸ್ವಲ್ಪ ತೇವ ಇದೆ.'

ಊರು ಅಣೆಕಟ್ಟಿನ ಹಿನ್ನೀರಲ್ಲಿ ಮುಳುಗಿ ಇಪ್ಪತ್ತು ವರ್ಷ ಆಗಿತ್ತು. ಉಪಗ್ರಹದ ಫೋಟೋ ಬೇಸಿಗೆಯದು, ನೀರಿಳಿದಾಗ ತೆಗೆದದ್ದು. ಮೇಲಿನಿಂದ ನೋಡಿದ್ರೆ ಮೋಟು ಗೋಡೆಯೂ ಮನೆಯ ಹಾಗೇ ಕಾಣುತ್ತೆ. ಅಜ್ಜಿ ಸುಳ್ಳು ಹೇಳಿರಲಿಲ್ಲ. ಮುಳುಗಿದ್ದು ಇವನಿಗೆ ಗೊತ್ತು ಅಂದುಕೊಂಡಿದ್ದಳು.

ಇಲ್ಲದ ಮನೆ ನಕ್ಷೆಯಲ್ಲಿ ಇರಬಾರದು, ಅದು ನಮ್ಮ ನಿಯಮ. ಮನೆಗಳನ್ನ ಅಳಿಸಬೇಕು ಅಂತ ದರ್ಜಿ ಅಜ್ಜಿಗೆ ಫೋನ್ ಮಾಡಿ ಹೇಳಿದ. ಆಕೆ ಬಸ್ ಹತ್ತಿ ಅಂಗಡಿಗೇ ಬಂದಳು. ಹೊಲಿಗೆ ಯಂತ್ರದ ಪಕ್ಕ ಕೂತಳು. "ನಮ್ಮದು ಕಡೀಕ ತಗಿ ತಮ್ಮಾ" ಅಂದಳು.

ಕಂಪ್ಯೂಟರ್ ಒಂದೊಂದು ಮನೆಗೂ ಕೇಳ್ತಿತ್ತು: ಅಳಿಸಲೇ? ಅವನು ಪ್ರತಿ ಸಲವೂ ಓದಿ ಹೇಳ್ತಿದ್ದ.

"ಊರು ಬಿಡ್ರಿ ಅಂತ ಆವಾಗ ಊರಿಗೆಲ್ಲ ಸೇರಿ ಒಂದ ನೋಟೀಸ್ ಬಂದಿತ್ತು," ಅಂದಳು ದುಂಡವ್ವ. "ಇದು ಮನಿಮನಿಗೂ ಕೇಳತೈತಲ್ಲೋ."

ನಲವತ್ತು ಮನೆ ಹೋದವು. ನಲವತ್ತೊಂದನೆಯದಕ್ಕೆ ದರ್ಜಿಯ ಕೈ ಏಳಲಿಲ್ಲ. ಆಕೆಯೇ ಒತ್ತಿದಳು.

ಕತೆ ಮುಗಿಸಿ ಜಯಶೀಲನನ್ನ ಕಳಿಸಿದೆ. ಪಾಠ ಚೆನ್ನಾಗಾಯ್ತು ಅಂದುಕೊಂಡು ಮನೆಗೆ ಬಂದೆ. ಊಟಕ್ಕೆ ಕೂತಾಗ ಹೆಂಡತಿಗೂ ಇದನ್ನೇ ಹೇಳಿದೆ. ಅವಳು ಸಾರು ಬಡಿಸ್ತಾ ಕೇಳಿದಳು:

"ಅಷ್ಟೊತ್ತಿಗೆ ಸಂಜೆ ಆಗಿರಬೇಕಲ್ಲ. ಆಮೇಲೆ ಆ ಅಜ್ಜಿ ಮನೆಗೆ ಹೋದ್ರಾ?"