ಹಾರ್ಮೋನಿಯಂ ರಿಪೇರಿಯವನ ಕಂಪ್ಯೂಟರ್

“ಗುರುಗಳೇ, ನನ್ನೊಳಗೆ ನಿಜವಾಗಿ ಏನಾದರೂ ಇದೆಯೇ?” ಎಂದು ಶಿಷ್ಯ ಚನ್ನವೀರ ಕೇಳಿದ. “ದಿನವೂ ಕಣ್ಣು ಮುಚ್ಚಿ ಕೂರುತ್ತೇನೆ. ಕತ್ತಲೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಮಂತ್ರ ಬದಲಾಯಿಸಿದೆ, ಆಸನ ಬದಲಾಯಿಸಿದೆ. ಇನ್ನು ಬೇರೆ ಮಠಕ್ಕೆ ಹೋಗಿ ನೋಡಬೇಕು ಅನಿಸಿದೆ.”

ಬದಲಾಯಿಸಲು ಉಳಿದಿರುವುದು ಗುರು ಒಬ್ಬನೇ ತಾನೇ ಎಂದು ಗುರುಗಳು ನಕ್ಕರು. ಹೋಗುವುದಾದರೆ ಹೋಗು, ಈ ಕತೆಯೊಂದನ್ನು ಕೇಳಿಕೊಂಡು ಹೋಗು ಎಂದು ಶುರುಮಾಡಿದರು.

ಒಬ್ಬ ಹಾರ್ಮೋನಿಯಂ ರಿಪೇರಿಯವನಿದ್ದ. ಅವನಿಗೆ ಒಬ್ಬಳೇ ಮಗಳು. ಹದಿನೈದನೆಯ ವಯಸ್ಸಿನಲ್ಲಿ ಅವಳಿಗೆ ಮೆದುಳು ಜ್ವರ ಬಂತು. ಜೀವ ಉಳಿಯಿತು. ಮಾತು ಹೋಯಿತು, ಕೈಕಾಲು ಹೋದವು. ಬಲಗೈಯ ಒಂದು ಬೆರಳು ಮಾತ್ರ ಆಗಾಗ ಅಲ್ಲಾಡುತ್ತಿತ್ತು. ಅದು ಬರೀ ನರದ ಸೆಳೆತ, ಅವಳಿಗೆ ಏನೂ ತಿಳಿಯುವುದಿಲ್ಲ ಎಂದು ನೋಡಲು ಬಂದವರೆಲ್ಲ ಹೇಳಿದರು. ಅವಳ ಎದುರಿಗೇ ಹೇಳಿದರು. ತಂದೆ ಒಪ್ಪಲಿಲ್ಲ. ಆದರೆ ಏಳು ವರ್ಷ ಕಳೆದ ಮೇಲೆ ಅವನಿಗೂ ಅನುಮಾನ ಹತ್ತಿತು. ಮಗಳು ಒಳಗೆ ಇದ್ದಾಳೆಯೇ ಇಲ್ಲವೇ ಎಂಬುದು ಅವನ ಎದೆಯಲ್ಲಿ ಕಲ್ಲಾಗಿ ಕೂತಿತು.

ಒಂದೇ ಬೆರಳಿನಿಂದ ಬರೆಯುವ ಉಪಾಯವಿದೆ ಎಂದು ಅವನಿಗೆ ಯಾರೋ ಹೇಳಿದರು. ಕಂಪ್ಯೂಟರಿನ ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಸರಿಯುತ್ತವೆ. ಬೇಕಾದ ಅಕ್ಷರ ಬಂದಾಗ ಒಂದು ಗುಂಡಿ ಒತ್ತಿದರೆ ಸಾಕು. ಅಂಗಡಿಯಲ್ಲಿ ಸಿದ್ಧ ಕಂಪ್ಯೂಟರ್ ಇತ್ತು. ಅವನು ಅದನ್ನು ತರಲಿಲ್ಲ. ಮಗಳ ಬಾಯಾಗಬೇಕಾದ ಯಂತ್ರ ಕೆಟ್ಟರೆ ತನ್ನ ಕೈಯಲ್ಲೇ ಬಿಚ್ಚಿ ಸರಿಮಾಡುವಂತಿರಬೇಕು ಎಂಬುದು ಅವನ ಹಟ. ಒಂದು ಅಂಗಡಿಯಿಂದ ಮದರ್‌ಬೋರ್ಡ್, ಇನ್ನೊಂದರಿಂದ ಪ್ರೊಸೆಸರ್, ಮತ್ತೊಂದರಿಂದ ಮೆಮೊರಿ, ಹೀಗೆ ಬಿಡಿ ಬಿಡಿಯಾಗಿ ಎಲ್ಲವನ್ನೂ ತಂದ. ಮಗಳಿಗೆ ಕಾಣಲೆಂದು ಅವಳ ಹಾಸಿಗೆಗೇ ಮೇಜು ತಾಗಿಸಿ, ಅವಳ ಬಲಗೈಯನ್ನು ಮೇಜಿನ ಮೇಲಿಟ್ಟು, ಜೋಡಿಸಲು ಕೂತ. ಹಾರ್ಮೋನಿಯಮ್ಮಿನ ಕೂದಲೆಳೆಯಂಥ ತಪ್ಪನ್ನು ಹುಡುಕಿ ಪಳಗಿದ ಕೈ. ಒಂದು ತಂತಿಯೂ ತಪ್ಪಲಿಲ್ಲ.

ಸ್ವಿಚ್ ಹಾಕಿದ. ಫ್ಯಾನ್ ತಿರುಗಿತು. ಪರದೆ ಮಾತ್ರ ಕಪ್ಪಾಗಿಯೇ ಇತ್ತು. ಒಂದು ನಿಮಿಷ ಕಾದ, ಎರಡು ನಿಮಿಷ ಕಾದ, ಆರಿಸಿದ. ಮೆಮೊರಿ ತೆಗೆದು ಮತ್ತೆ ಕೂರಿಸಿ ಹಾಕಿದ. ಕಪ್ಪು. ಆರಿಸಿದ. ಪ್ರೊಸೆಸರ್ ಬಿಚ್ಚಿ ನೋಡಿ ಮತ್ತೆ ಹಾಕಿದ. ಕಪ್ಪು. ಮೂರು ದಿನ ಇದೇ ನಡೆಯಿತು. ಅವನಿಗೆ ಒಂದು ಸಂಗತಿ ಗೊತ್ತಿರಲಿಲ್ಲ. ಒಂದನ್ನೊಂದು ಅರಿಯದ ಭಾಗಗಳು ಮೊದಲ ಸಲ ಕೂಡಿದಾಗ ಬೋರ್ಡು ಆ ಮೆಮೊರಿಯನ್ನು ಪರೀಕ್ಷಿಸಿ ತನಗೆ ಹೊಂದಿಸಿಕೊಳ್ಳುತ್ತದೆ. ಅದಕ್ಕೆ ಕೆಲವೊಮ್ಮೆ ಹತ್ತು ಹದಿನೈದು ನಿಮಿಷ ಹಿಡಿಯುತ್ತದೆ. ಅಲ್ಲಿಯವರೆಗೆ ಪರದೆಗೆ ಏನೂ ಬರುವುದಿಲ್ಲ. ನಡುವೆ ಆರಿಸಿದರೆ ಎಲ್ಲವೂ ಮೊದಲಿನಿಂದ.

ನಾಲ್ಕನೆಯ ದಿನ ಮತ್ತೊಮ್ಮೆ ಸ್ವಿಚ್ ಹಾಕಿ ನೋಡಿ ಅವನು ಸೋತುಹೋದ. ಇದರೊಳಗೆ ಏನೂ ಇಲ್ಲ, ವಾಪಸು ಕೊಟ್ಟುಬಿಡುತ್ತೇನೆ ಎಂದುಕೊಂಡು ಕೊನೆಯ ಸಲ ಆರಿಸಲು ಕೈ ಚಾಚಿದ. ಕೈ ಮಗಳ ಕೈ ಪಕ್ಕದಲ್ಲೇ ಹಾದುಹೋಗಬೇಕಿತ್ತು. ಆಗ ಅವನ ಮಣಿಕಟ್ಟಿನ ಮೇಲೆ ಅವಳ ಬೆರಳು ಬಂದು ಕೂತಿತು. ಕೊಡವಿದರೆ ಜಾರಿಹೋಗುವಷ್ಟೇ ಅದರ ಬಲ. ಅವನು ಕೊಡವಲಿಲ್ಲ.

“ಆರಿಸೋದು ಬೇಡ್ವೇನಮ್ಮಾ?” ಎಂದು ಕೇಳಿದ.

ಬೆರಳು ಇನ್ನಷ್ಟು ಒತ್ತಿತು.

ಅವನು ಹಾಗೇ ಕೂತ. ಐದು ನಿಮಿಷವಾಯಿತು, ಹತ್ತಾಯಿತು. ಅವಳ ಬೆರಳು ಕದಲಲಿಲ್ಲ, ಅವನ ಕೈಯೂ ಕದಲಲಿಲ್ಲ. ಆಮೇಲೆ ಸದ್ದಿಲ್ಲದೆ ಪರದೆ ಬೆಳಗಿತು. ಎಲ್ಲೆಲ್ಲಿಂದಲೋ ತಂದ ಅಷ್ಟೂ ಲೋಹದ ಚೂರುಗಳು ಒಂದಾಗಿ ಕಣ್ಣು ಬಿಟ್ಟಿದ್ದವು. ಅವನು ತಾನು ಯಾವುದರ ಮುಂದೆ ಕೂತಿದ್ದೇನೆಂದು ತಿಳಿಯದೆ ಎದ್ದು ನಿಂತು ಕೈಮುಗಿದ.

ಅಕ್ಷರ ಸರಿಯುವ ತಂತ್ರಾಂಶ ಹಾಕಲು ಮರುದಿನ ಮಧ್ಯಾಹ್ನವಾಯಿತು. ಗುಂಡಿಯನ್ನು ಮಗಳ ಬೆರಳ ಕೆಳಗಿಟ್ಟ. ಅವಳು ಒಂದು ಗಂಟೆ ತೆಗೆದುಕೊಂಡು ಏಳು ವರ್ಷಗಳ ನಂತರದ ಮೊದಲ ಮಾತನ್ನು ಬರೆದಳು.

“ಅಪ್ಪಾ, ಕಪ್ಪಗಿದ್ದಾಗಲೂ ಫ್ಯಾನ್ ತಿರುಗುತ್ತಿತ್ತು.”

ತಂದೆ ಅವಳ ಕಾಲ ಬಳಿ ಕುಸಿದು ಕೂತು ಅತ್ತ.

ಗುರುಗಳು ಅಷ್ಟಕ್ಕೆ ನಿಲ್ಲಿಸಿ ಶಿಷ್ಯನ ಮುಖ ನೋಡಿ ಕೇಳಿದರು: “ಆ ಮೂರು ದಿನ ಬೆಳಕನ್ನು ತಡೆದದ್ದು ಕತ್ತಲೆಯೋ, ಅವನ ಕೈಯೋ?”

ಚನ್ನವೀರನಿಗೆ ಉತ್ತರ ಗೊತ್ತಿತ್ತು. ಬೇರೆ ಮಠದ ಮಾತು ಬಿಟ್ಟು ಅಲ್ಲೇ ಕಣ್ಣು ಮುಚ್ಚಿ ಕೂತ.