ಕಲಾಯಿ ಲಾಲಸಾಬನ ಉಪ್ಪುನೀರು

ಹೊಳೆಗೆ ಇನ್ನೂ ಸೇತುವೆ ಆಗದ ಕಾಲ. ಕೃಷ್ಣೆ ಎರಡು ಸೀಳಾಗಿ ಹರಿದು ಮುಂದೆ ಮತ್ತೆ ಕೂಡುವ ಜಾಗ. ಆ ಎರಡು ಸೀಳಿನ ನಡುವೆ ಒಂದು ಗಡ್ಡೆ, ಗಡ್ಡೆಯ ಮೇಲೆ ಒಂದು ಊರು, ಊರಿನ ಹೆಸರು ಹೊನ್ನಗಡ್ಡಿ. ದಾಟಬೇಕಾದರೆ ಹರಿಗೋಲು. ಹರಿಗೋಲು ಇಲ್ಲದಿದ್ದರೆ ಈಜು. ಈಜು ಬಾರದವರು ಊರಲ್ಲೇ ಬಿದ್ದಿರಬೇಕು. ಆ ಊರಲ್ಲಿ ಕಲಾಯಿ ಲಾಲಸಾಬ ಅಂತ ಒಬ್ಬನಿದ್ದ. ಯಾವ ವರ್ಷ ಅಂತ ಮಾತ್ರ ಕೇಳಬೇಡಿ. ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಹೇಳಿದವರೆಲ್ಲ ಆಣೆಯನ್ನೂ ಹಾಕುತ್ತಾರೆ.

ಲಾಲಸಾಬನ ಕಿವಿ ಅಂಥಿಂಥ ಕಿವಿಯಲ್ಲ ಅಂತಾರೆ. ಚಮಚ ಕಿವಿಗಿಟ್ಟುಕೊಂಡು ದಿಲ್ಲಿಯ ಹಾಡು ಕೇಳುತ್ತಿದ್ದ ಅಂತಾರೆ. ಇರುವೆಗಳ ಜಗಳ ಬಗೆಹರಿಸುತ್ತಿದ್ದ ಅಂತಲೂ ಅಂತಾರೆ. ಚಮಚದ ಮಾತು ಸುಳ್ಳು, ಇರುವೆಯದು ಅದಕ್ಕಿಂತ ಸುಳ್ಳು. ಆದರೆ ಹಳೇ ಬ್ಲೇಡಿನ ಮೇಲೆ ಪೆನ್ಸಿಲಿನ ಕಡ್ಡಿ ಆನಿಸಿ, ಬ್ಯಾಟರಿ ಇಲ್ಲದೆ, ವಿದ್ಯುತ್ತಿಲ್ಲದೆ ದೂರದ ದನಿ ಹಿಡಿದದ್ದು ಮಾತ್ರ ನಿಜ. ಅದನ್ನು ಕಂಡವರ ಬಾಯಿಂದಲೇ ನಮ್ಮವರು ಕೇಳಿದ್ದಾರೆ.

ಅವನ ಕಸುಬು ಪಾತ್ರೆಗಳಿಗೆ ಕಲಾಯಿ ಹಾಕುವುದು. ತಿದಿ, ತವರ, ನವಸಾಗರ ಹೊತ್ತು ಎರಡೂ ದಡದ ಊರೂರು ತಿರುಗುತ್ತಿದ್ದ. ಬೆಸುಗೆಯೂ ಬರುತ್ತಿತ್ತು. ಒಮ್ಮೆ ಆಚೆ ದಡದ ಪೇಟೆಯಲ್ಲಿ ಯಾರೋ ಒಂದು ಕೆಟ್ಟ ರೇಡಿಯೋ ತಂದು ಮುಂದಿಟ್ಟರು. ಬಿಟ್ಟುಹೋದ ಒಂದು ತಂತಿ ಕಾಣಿಸಿತು, ಬೆಸೆದ. ಬೆಸೆದದ್ದೇ ತಡ, ಪೆಟ್ಟಿಗೆ ಹಾಡತೊಡಗಿತು. ಅಷ್ಟು ವರ್ಷ ಕಲಾಯಿ ಹಾಕಿದ್ದ, ಪಾತ್ರೆಗಳು ಹೊಳೆದಿದ್ದವು, ಒಂದೂ ಹಾಡಿರಲಿಲ್ಲ. ಅಂದು ಹಿಡಿದ ಹುಚ್ಚು ಬಿಡಲಿಲ್ಲ.

ಒಣಗಿದ ಸೋರೆಬುರುಡೆಗೆ ತಾಮ್ರದ ತಂತಿ ಸುತ್ತಿದ. ಗುಜರಿಯಿಂದ ಗಾಜಿನ ವಾಲ್ವು ತಂದ, ಲಾರಿಯ ಹಳೇ ಬ್ಯಾಟರಿಯನ್ನು ಹರಿಗೋಲಿನಲ್ಲಿ ಕೂಸಿನಂತೆ ಮಡಿಲಲ್ಲಿಟ್ಟು ದಾಟಿಸಿದ. ಊರ ಮುಂದಿನ ಬೇವಿನಿಂದ ತನ್ನ ಹಿತ್ತಲ ಹುಣಸೆಗೆ ಉದ್ದಕ್ಕೂ ತಂತಿ ಎಳೆದ. ಎಳೆದ ಮಾರನೇ ದಿನವೇ ಅದರ ಮೇಲೆ ಓಣಿಯ ಹೆಂಗಸರ ಸೀರೆಗಳು ಒಣಗುತ್ತಿದ್ದವು. ಅವನು ಬೈಯಲಿಲ್ಲ. ಸೀರೆ ಒಣಗುವ ತನಕ ಕಾದು ಆಮೇಲೆ ಕಿವಿಗೆ ಕೇಳುವ ಡಬ್ಬಿ ಹಚ್ಚುತ್ತಿದ್ದ.

ಸಣ್ಣ ಅಲೆಗಳು ಮುಗಿಲಿಗೆ ಜಿಗಿದು ಬರುತ್ತವೆ, ಉದ್ದ ಅಲೆಗಳು ನೆಲ ಹಿಡಿದು ತೆವಳಿ ಬರುತ್ತವೆ ಅಂತ ಅವನು ಹೇಳುತ್ತಿದ್ದನಂತೆ. ಅದಕ್ಕೇ ಮೇಲೊಂದು ತಂತಿ ಬೇಕು, ಕೆಳಗೆ ನೆಲಕ್ಕೊಂದು ಬೇರು ಬೇಕು. ಬೇರಿಗೆ ಏನು ಹೂಳುವುದು? ಹೆಂಡತಿ ಬೀಬಿಜಾನಳ ತವರುಮನೆಯಿಂದ ಬಂದ ತಾಮ್ರದ ಹಂಡೆಯ ತಳ ತೂತಾಗಿತ್ತು. ಕಲಾಯಿಗಾರನ ಮನೆಯ ಹಂಡೆಯೇ ತೂತು ಅಂತ ಊರು ನಗುತ್ತಿತ್ತು. ಅದನ್ನು ಬೆಸೆದು ಕೊಡುತ್ತೇನೆಂದು ವರ್ಷಗಟ್ಟಲೆ ಹೇಳಿದವನು ಒಂದು ದಿನ ಇದ್ದಿಲು, ಹರಳುಪ್ಪು ತುಂಬಿ ಹುಣಸೆಯ ಬುಡದಲ್ಲಿ ಹೂತೇಬಿಟ್ಟ. ಬೀಬಿಜಾನ ಆ ಹಂಡೆಯ ಮಾತನ್ನು ಸಾಯುವತನಕ ಬಿಡಲಿಲ್ಲ. ಆದರೂ ದಿನಾ ದೀಪ ಹಚ್ಚುವ ಹೊತ್ತಿಗೆ ಒಂದು ಕೊಡ ಉಪ್ಪುನೀರು ಅಲ್ಲಿ ಸುರಿಯುವವಳು ಅವಳೇ. ನನ್ನ ಹಂಡೆಗೆ ಬೇರೆಯವರು ಯಾಕೆ ನೀರು ಹಾಕಬೇಕು ಅನ್ನುತ್ತಿದ್ದಳು. ನೆಲ ಗುಟುಕು ಗುಟುಕು ಅಂತ ಕುಡಿಯುತ್ತಿತ್ತು. ಆ ಸದ್ದು ಮುಗಿದ ಮೇಲೆ ಲಾಲಸಾಬ ಕೇಳಲು ಕೂಡುತ್ತಿದ್ದ.

ಬರೀ ಕೇಳುವುದರಿಂದ ಅವನ ಆಸೆ ತೀರಲಿಲ್ಲ. ಪೇಟೆಯ ತಾರು ಮಾಸ್ತರನ ಮನೆಯ ಪಾತ್ರೆಗಳಿಗೆಲ್ಲ ಕಲಾಯಿ ಹಾಕಿಕೊಟ್ಟು, ಬದಲಿಗೆ ತಾರು ಕಳಿಸುವ ಕಟ್ಟೆಕಡ್ಡಿಯ ಭಾಷೆ ಕಲಿತ. ಗಿಡ್ಡ ಟಿಕ್ಕು, ಉದ್ದ ಟಿಕ್ಕು, ಅಷ್ಟೇ ಅಕ್ಷರ. ಆಮೇಲೆ ಕಳಿಸುವ ಡಬ್ಬಿಯನ್ನೂ ಮಾಡಿದ. ಅದರ ಬಲ ಎಷ್ಟೆಂದರೆ ಟಾರ್ಚಿನ ಬಲ್ಬು ನೆಟ್ಟಗೆ ಉರಿಯದು, ಅಷ್ಟು. ಊರ ಗೌಡ ಅಮರೇಗೌಡನಿಗೆ ಇದು ತಮಾಷೆ. ಕೂಗಿದರೆ ಆಚೆ ದಡಕ್ಕೆ ಕೇಳಬೇಕಪ್ಪ, ಇದೇನು ಇಷ್ಟು ಸಣ್ಣ ದನಿ ಅಂತ ಕೇಳಿದ. ಲಾಲಸಾಬ, "ಕೇಳೋ ಮಂದಿ ಇದ್ರ ಸಣ್ಣ ದನಿ ಸಾಕ್ರೀ ಗೌಡ್ರ" ಅಂದನಂತೆ.

ಕೇಳುವವನೂ ಸಿಕ್ಕಿದ. ಹೊಳೆಯ ಮೇಲುಗಡೆ, ಎತ್ತಿನ ಗಾಡಿಗೆ ಮೂರು ಹಗಲಿನ ದಾರಿಯಲ್ಲಿ, ಹತ್ತಿಯ ಮಿಲ್ಲೊಂದರ ಇಂಜಿನ್ ನೋಡಿಕೊಳ್ಳುವ ಚಂದ್ರಾಮ ಅನ್ನುವವನಿಗೂ ಇದೇ ಹುಚ್ಚು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ, ದನಿ ಕೇಳಿದವರೂ ಅಲ್ಲ. ದಿನಾ ಸಂಜೆ ಟಿಕ್ಕುಗಳಲ್ಲೇ ಇಂದು ಏನು ಅಡುಗೆ, ಮಳೆ ಬಂತೇ, ಮೊಣಕಾಲು ಹೇಗಿದೆ ಅಂತ ಕೇಳಿಕೊಳ್ಳುತ್ತಿದ್ದರು. ಮಾತು ಮುಟ್ಟಿದರೆ ಕೊನೆಗೆ 'ಕೇಳಿದೆ' ಅಂತ ಬಡಿಯಬೇಕು. ಅದು ಅವರ ಕಟ್ಟಳೆ. 'ಕೇಳಿದೆ' ಬರುವ ತನಕ ಹೇಳುವವನು ಹೇಳುತ್ತಲೇ ಇರಬೇಕು.

ಒಂದು ಮಳೆಗಾಲ ಚಂದ್ರಾಮ ಅಡುಗೆಯ ಸುದ್ದಿ ಬಿಟ್ಟು ಬೇರೆ ಹೇಳಿದ. ಹೊಳೆ ಕೆಂಪಾಗಿದೆ ಅಂದ. ಕೆಂಪು ನೀರು ಅಂದರೆ ಹಿಂದೆಯೇ ಮಹಾಪೂರ. ಹೊನ್ನಗಡ್ಡಿಯ ಕೆಳಗೆ ಇನ್ನೊಂದು ತಗ್ಗಿನ ಗಡ್ಡೆಯಿತ್ತು. ಹುಲ್ಲು ಸೊಂಪಾಗಿದ್ದದ್ದರಿಂದ ಹಾಲುಮತದವರು ಕುರಿ ತರುಬಿಕೊಂಡು ಹೆಂಡರು ಮಕ್ಕಳ ಸಮೇತ ಅಲ್ಲೇ ಬಿಡಾರ ಹೂಡುತ್ತಿದ್ದರು. ಲಾಲಸಾಬ ಓಡಿಹೋಗಿ ಹೇಳಿದ. ನಂಬಿದವರು ನಂಬಿ, ನಂಬದವರು ನಗುತ್ತ ಎದ್ದು ಬಂದರು. ಮಾರನೇ ದಿನ ತಗ್ಗಿನ ಗಡ್ಡೆ ಇದ್ದ ಜಾಗದಲ್ಲಿ ಬರೀ ನೀರು. ಆ ಬಿಡಾರದಲ್ಲಿದ್ದ ಹಾಲವ್ವ ಅನ್ನುವ ಬಾಣಂತಿ ತನ್ನ ಕೂಸಿಗೆ ಲಾಲಪ್ಪ ಅಂತ ಹೆಸರಿಟ್ಟಳು.

ಅಲ್ಲಿಂದ ಅವನ ಮಾನ ಮುಗಿಲು ಮುಟ್ಟಿತು. ಪ್ರತಿ ಮಳೆಗಾಲವೂ ಮೇಲಿಂದ ಸುದ್ದಿ ಬರುತ್ತಿತ್ತು, ಕೆಳಗಿನವರು ಮೇಲೆ ಬರುತ್ತಿದ್ದರು. ಹಂಡೆ ಹೂತ ಜಾಗಕ್ಕೆ ಯಾರೋ ಕುಂಕುಮ ಹಚ್ಚಿದರು, ಇನ್ಯಾರೋ ಹಸಿರು ಬಟ್ಟೆ ಹೊದಿಸಿದರು. ನಗುತ್ತಿದ್ದ ಅಮರೇಗೌಡನೇ ಈಗ ಕಟ್ಟೆ ಕಟ್ಟಿಸುತ್ತೇನೆಂದು ಹರಕೆ ಹೊತ್ತ. ಮದುವೆಯ ಕಾಲ ಬಂತು. ಲಾಲಸಾಬ ಹೆಂಡತಿಯನ್ನೂ ಕರೆದುಕೊಂಡು ಕಲಾಯಿಗೆಂದು ಊರೂರು ತಿರುಗಲು ಹೋದ. ಅವನು ಬರುವುದರೊಳಗೆ ಗುಡಿ ಕಟ್ಟಿ ಹೆಸರಾದ ಉಪ್ಪಾರ ತಿಪ್ಪಣ್ಣನನ್ನು ಕರೆಸಿ ಕಟ್ಟೆ ಎಬ್ಬಿಸಿಬಿಟ್ಟರು.

ಎಂಥ ಕಟ್ಟೆ ಅಂತೀರಿ. ಕರೀಕಲ್ಲು, ಗಚ್ಚುಗಾರೆ, ಕೈ ಆಡಿಸಿದರೆ ಜಾರುವ ನುಣುಪು. ಬಂದ ಲಾಲಸಾಬನ ಕಣ್ಣಲ್ಲಿ ನೀರು ಬಂತು. ಕಟ್ಟೆಯ ಮೇಲೆ ಕೂತು ನೋಡಿದ. ಹಿತವಾಗಿತ್ತು, ಸುಳ್ಳು ಯಾಕೆ ಹೇಳಬೇಕು? ನೀರು ಸುರಿಯಲು ದಾರಿ ಬಿಟ್ಟಿದ್ದೀರಾ ಅಂತ ಒಂದು ಮಾತು ಕೇಳಿದ. ಬಿಟ್ಟಿದ್ದೇವೆ ಅಂತ ತಿಪ್ಪಣ್ಣ ನಡುವಿನ ಗುಂಡಿ ತೋರಿಸಿದ. ಗುಂಡಿ ಇತ್ತು. ಪಕ್ಕದಲ್ಲಿ ಹಸುವಿನ ಮುಖದ ಒಂದು ಚಂದದ ಕಲ್ಲಿನ ಮೋರಿಯೂ ಇತ್ತು.

ಆ ವರ್ಷ ಮಳೆಗಾಲ ಹಿಡಿದಂತೆ ಲಾಲಸಾಬನ ಕಿವಿಯಲ್ಲಿ ದನಿಗಳು ಸಣ್ಣಗಾಗತೊಡಗಿದವು. ಮೊದಲು ದೂರದ ದೇಶದ ಹಾಡುಗಳು ಹೋದವು. ಆಮೇಲೆ ಹತ್ತಿರದ ಮಾತುಗಳು ಹೋದವು. ಕೊನೆಗೆ ಚಂದ್ರಾಮನೂ ಹೋದ. ಸುರುಳಿ ಬಿಚ್ಚಿ ಸುತ್ತಿದ, ವಾಲ್ವು ಒರೆಸಿದ, ಬ್ಯಾಟರಿಗೆ ಜೀವ ತುಂಬಿಸಿ ತಂದ. ಏನು ಮಾಡಿದರೂ ಡಬ್ಬಿಯೊಳಗೆ ಬರೀ ಮೌನ. ವಯಸ್ಸಾಗಿತ್ತು. ಸಂಜೆ ನೆಲದ ಗುಟುಕೂ ಕೇಳಿಸುತ್ತಿರಲಿಲ್ಲ. ತನ್ನ ಕಿವಿ ಹೋಯಿತು ಅಂದುಕೊಂಡ. ಅಂದುಕೊಂಡವನಿಗೆ ನಾಚಿಕೆಯಾಯಿತು, ಯಾರಿಗೂ ಹೇಳಲಿಲ್ಲ. ತೋಳು ಹೋದ ಕುಸ್ತಿಯವನ ಹಾಗೆ, ಕಿವಿ ಹೋದ ಲಾಲಸಾಬ ಮತ್ಯಾರಿಗೆ ಬೇಕು ಅಂತ ಒಳಗೊಳಗೇ ಕುಗ್ಗಿದ.

ಹಾಲವ್ವ ಬಂದು, "ಮ್ಯಾಲಿಂದ ಏನರ ಬಂತೇನ್ ಮಾವ?" ಅಂತ ಕೇಳಿದಳು. ಅವನು ಏನೂ ಬಂದಿಲ್ಲ ಅಂದ. ಅದು ಸುಳ್ಳಲ್ಲ. ಅವಳೂ ನಂಬಿಕೊಂಡು ಹೋದಳು. ಎರಡು ದಿನ ಬಿಟ್ಟು ಅವನು ದಂಡೆಗೆ ಹೋಗಿ ನೋಡುತ್ತಾನೆ, ತಗ್ಗಿನ ಗಡ್ಡೆಯ ಮೇಲೆ ಬಿಡಾರದ ಹೊಗೆ ಏಳುತ್ತಿದೆ. ಲಾಲಸಾಬ ಏನೂ ಬಂದಿಲ್ಲ ಅಂದಿದ್ದಾನೆ, ಅಂದಮೇಲೆ ಹೊಳೆ ಈ ಸಲ ಬರುವುದಿಲ್ಲ ಅಂತ ಎಲ್ಲರೂ ಕುರಿ ಹೊಡೆದುಕೊಂಡು ಇಳಿದಿದ್ದರು. ಹಾಲವ್ವ ಹಾಲು ಕೊಡಲು ಊರಿಗೆ ಬಂದಿದ್ದಳು. ಅವಳ ಮಗ ಲಾಲಪ್ಪ ಮಾತ್ರ ಅಲ್ಲೇ ಮರಿಗಳ ಹಿಂದೆ ಓಡುತ್ತಿದ್ದ. ತನ್ನ ಮೌನವನ್ನೇ ಇವರು ಮಾತು ಅಂತ ತಿಳಿದಿದ್ದರು.

ನೆಟ್ಟಗೆ ಅಮರೇಗೌಡನ ಮನೆ ಮುಂದೆ ಹೋಗಿ, ಊರು ಕೂಡಿಸಿ, ಹೇಳಿಬಿಟ್ಟ. "ಹೊಳಿ ಸುಮ್ಮನೈತಿ ಅಂತ ನಾ ಹೇಳಿಲ್ರೀ. ನನ್ನ ಕಿವಿ ಹೋಗ್ಯಾವ. ನಾ ಕಿವುಡ ಆಗೀನಿ. ಕೆಳಗಿನವ್ರನ್ನ ಮ್ಯಾಲೆ ಕರಸ್ರಿ."

ಜನ ನಕ್ಕರಂತೆ. ದೇವರಂಥ ಕಿವಿ ಹೋಗುವುದುಂಟೇ, ಇದು ಇವನ ದೊಡ್ಡತನ ಅಂದರಂತೆ. ಹುಲ್ಲು ಬಿಟ್ಟು ಸುಮ್ಮನೆ ಯಾಕೆ ಬರಬೇಕು ಅಂತ ಊರಿಗೆ ಬಂದಿದ್ದ ಕುರಿಯವರಲ್ಲೂ ಕೆಲವರು ಗೊಣಗಿದರು. ಅಷ್ಟರಲ್ಲಿ ಕೊಡ ಹೊತ್ತು ಬಂದ ಬೀಬಿಜಾನ ನಿಂತಳು. "ಇವರ ಕಿವಿ ನೆಟ್ಟಗದಾವ" ಅಂದಳು. "ನಾ ಒಲಿ ಮುಂದ ಕೂತು ಇವರವ್ವನ್ನ ಬೈದಿದ್ದು ನಿನ್ನಿ ಹಿತ್ತಲದಾಗ ಇದ್ದು ಕೇಳಿಸ್ಕೊಂಡಾರ. ನೆಲ ನೀರು ಕುಡಿಯವಲ್ದು, ಅದನ್ನ ನೋಡ್ರಿ ಮೊದ್ಲ."

ಎಲ್ಲರೂ ಅವಳ ಹಿಂದೆ ಹುಣಸೆಯ ಬುಡಕ್ಕೆ ಬಂದರು. ಅವಳು ಗುಂಡಿಗೆ ಕೊಡ ಬಗ್ಗಿಸಿದಳು. ಗುಟುಕು ಅನ್ನುವ ಸದ್ದೇ ಇಲ್ಲ. ಒಂದು ಹನಿ ಬಿಡದಂತೆ ಅಷ್ಟೂ ನೀರು ಹಸುವಿನ ಬಾಯಿಂದ ಹೊರಗೆ ಬಂತು. ಗುಡಿ ಕಟ್ಟುವ ತಿಪ್ಪಣ್ಣ ತನಗೆ ಗೊತ್ತಿದ್ದ ಹಾಗೆ ಕಟ್ಟಿದ್ದ. ಅಭಿಷೇಕದ ನೀರು ನೆಲಕ್ಕೆ ಇಂಗಿ ಹಾಳಾಗಬಾರದು ಅಂತ ಗುಂಡಿಯ ತಳಕ್ಕೆ ಗಚ್ಚು ಬಡಿದು, ತೀರ್ಥ ಹರಿಯಲು ಮೋರಿ ಇಟ್ಟಿದ್ದ. ಜನ ದಿನಾ ಆ ತೀರ್ಥವನ್ನು ಅಂಗೈಯಲ್ಲಿ ಹಿಡಿದು ಕುಡಿಯುತ್ತಿದ್ದರು. ಉಪ್ಪುಪ್ಪಾಗಿದೆ ಅಂತ ಎಲ್ಲರಿಗೂ ಅನ್ನಿಸಿತ್ತು, ದೇವರದು ಅಂತ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ಇತ್ತ ಮಳೆಯೂ ಇಳಿಯದ ಕಟ್ಟೆಯ ಅಡಿಯಲ್ಲಿ ಹಂಡೆಯ ಸುತ್ತ ನೆಲ ಬೂದಿಯ ಹಾಗೆ ಒಣಗಿತ್ತು.

ಕಟ್ಟೆ ಒಡೆಯಬೇಕು. ಆದರೆ ಒಡೆಯುವವರು ಯಾರು? ಕಾಯಿ ಒಡೆದ ಕಟ್ಟೆ, ಹರಕೆಯ ಕಟ್ಟೆ. ಅಮರೇಗೌಡ ಬೇಡ ಅಂತ ಅಡ್ಡ ಬಂದ, ಊರಿಗೆ ಕೇಡಾಗುತ್ತದೆ ಅಂದ. ತಿಪ್ಪಣ್ಣ ಮುಖ ತಿರುಗಿಸಿದ. ಲಾಲಸಾಬ ತಾನೇ ಹಾರೆ ಎತ್ತಲು ಹೋದ, ಜನ ಅವನ ಕಾಲಿಗೆ ಬಿದ್ದು ತಡೆದರು. ಆಗ ಹಾಲವ್ವ ಹಾಲಿನ ಗಡಿಗೆ ಕೆಳಗಿಟ್ಟು ಹಾರೆ ಕಿತ್ತುಕೊಂಡಳು. "ಕಟ್ಟಿ ಮತ್ತ ಕಟ್ಟಸ್ರಿ ಗೌಡ್ರ. ನನ್ನ ಮಗನ್ನ ಮತ್ತ ಯಾರು ತರ್ತೀರಿ?" ಅಂದವಳೇ ಹಸುವಿನ ಮುಖಕ್ಕೇ ಮೊದಲ ಏಟು ಹಾಕಿದಳು. ಎರಡನೇ ಏಟು ತಿಪ್ಪಣ್ಣನದು. ಮೂರನೆಯದು ಅಮರೇಗೌಡನದು ಅಂತ ಅವನ ಮನೆತನದವರು ಹೇಳುತ್ತಾರೆ, ಇರಲಿ ಬಿಡಿ.

ಗಚ್ಚು ಎದ್ದಿತು, ನೆಲ ಕಂಡಿತು. ಹೊಳೆಯಿಂದ ಹುಣಸೆಯ ತನಕ ಊರು ಸಾಲು ನಿಂತು ಕೊಡದಿಂದ ಕೊಡ ದಾಟಿಸಿತು. ಮನೆಮನೆಯ ಉಪ್ಪಿನ ಮಡಕೆ ಬರಿದಾಯಿತು. ನೆಲ ಕುಡಿಯಿತು. ಗುಟುಕು ಗುಟುಕು ಅಂತ ಕುಡಿಯುತ್ತಲೇ ಇತ್ತು, ಬೀಬಿಜಾನ ಅಲ್ಲೇ ಕೂತು ಅತ್ತುಬಿಟ್ಟಳು. ದೀಪ ಹಚ್ಚುವ ಹೊತ್ತಾಯಿತು. ಲಾಲಸಾಬ ಕಿವಿಗೆ ಡಬ್ಬಿ ಹಚ್ಚಿದ.

ಚಂದ್ರಾಮ ಇದ್ದ. ಎಷ್ಟು ಸಂಜೆಯಿಂದ ಬಡಿಯುತ್ತಿದ್ದನೋ, ಒಂದೇ ಮಾತು ಬಡಿಯುತ್ತಿದ್ದ. ಹೊಳೆ ಕೆಂಪಾಗಿದೆ, ಕೇಳಿದೆಯಾ? ಹೊಳೆ ಕೆಂಪಾಗಿದೆ, ಕೇಳಿದೆಯಾ? ಲಾಲಸಾಬ 'ಕೇಳಿದೆ' ಅಂತ ಬಡಿದ. ಆ ಕಡೆಯಿಂದ, ಇಂದು ಏನು ಅಡುಗೆ ಅಂತ ಬಂತಂತೆ.

ಊರಲ್ಲಿದ್ದ ಹರಿಗೋಲುಗಳೆಲ್ಲ ಕೆಳಗಿಳಿದವು. ಬೆಳಗಿನ ಹಾಲು ಕರೆಯುವ ಹೊತ್ತಿಗೆ ತಗ್ಗಿನ ಗಡ್ಡೆ ನೀರಡಿ ಇತ್ತು. ಅಷ್ಟು ಹೊತ್ತಿಗೆ ಕೂಸುಕುನ್ನಿಗಳೆಲ್ಲ ಹೊನ್ನಗಡ್ಡಿಯಲ್ಲಿದ್ದವು. ಒಂದು ಕುಂಟ ಟಗರು ಮಾತ್ರ ಹೋಯಿತು ಅಂತಾರೆ. ಅದೂ ಈಜಿ ಬಂತು ಅಂತ ಕುರಿಯವರು ಅಂತಾರೆ.

ಆಮೇಲೆ ಲಾಲಸಾಬ ಬಹಳ ಕಾಲ ಬಾಳಿದ. ಕಿವಿ ಕೊನೆಯ ತನಕ ನೆಟ್ಟಗಿತ್ತು. ಅವನು ತೀರಿಕೊಂಡ ದಿನ ಮಣ್ಣು ಮಾಡಿ ಬಂದ ಸಂಜೆ ಬೀಬಿಜಾನ ಎಂದಿನಂತೆ ಹಂಡೆಗೆ ನೀರು ಸುರಿದಳು. ಒಳಗೆ ಡಬ್ಬಿ ಟಿಕ್ಕು ಟಿಕ್ಕು ಅನ್ನುತ್ತಿತ್ತು. ಅವಳಿಗೆ ಓದು ಬರಹ ಬಾರದು, ಕಟ್ಟೆಕಡ್ಡಿಯೂ ಬಾರದು. ಆದರೆ ಅಷ್ಟು ವರ್ಷ ಪಕ್ಕದಲ್ಲೇ ರೊಟ್ಟಿ ಬಡಿಯುತ್ತ ಕೇಳಿದ್ದಳಲ್ಲ, 'ಕೇಳಿದೆ' ಅನ್ನುವ ಒಂದು ಬಡಿತ ಅವಳ ಕೈಗೆ ಬರುತ್ತಿತ್ತು. ಅದನ್ನು ಬಡಿದಳು. ಮುದುಕ ಚಂದ್ರಾಮ ಅಲ್ಲಿ ಕಾಯುತ್ತ ಕೂಡಬಾರದು ಅಂತ ದಿನಾ ಸಂಜೆ ಬಡಿದಳು. ಒಂದು ಸಂಜೆ ಆ ಕಡೆಯಿಂದ ಏನೂ ಬರಲಿಲ್ಲ. ಮಾರನೇ ಸಂಜೆಯೂ ಬರಲಿಲ್ಲ. ಅವಳಿಗೆ ತಿಳಿಯಿತು. ತಿಳಿದ ಮೇಲೂ ಬಡಿದಳು.

ಈಗ ಆ ತಂತಿ ಇಲ್ಲ, ಸೋರೆಬುರುಡೆಯನ್ನು ಇಲಿ ತಿಂದವು. ಹೊಳೆಗೆ ಸೇತುವೆ ಬಂತು, ಓಣಿಗೆ ಸಿಮೆಂಟು ಬಂತು. ಆದರೆ ಹುಣಸೆಯ ಬುಡದಲ್ಲಿ ಒಂದು ಮೊರದಗಲ ನೆಲವನ್ನು ಹೊನ್ನಗಡ್ಡಿಯವರು ಬರಿದಾಗಿ ಬಿಟ್ಟಿದ್ದಾರೆ. ಅಲ್ಲಿ ಕಲ್ಲು ಇಡುವುದಿಲ್ಲ, ಗಚ್ಚು ಬಡಿಯುವುದಿಲ್ಲ. ಮಳೆಗಾಲ ಹಿಡಿದರೆ ದೀಪ ಹಚ್ಚುವ ಹೊತ್ತಿಗೆ ಯಾರದಾದರೂ ಮನೆಯ ಹೆಂಗಸು ಒಂದು ಕೊಡ ಉಪ್ಪುನೀರು ತಂದು ಸುರಿಯುತ್ತಾಳೆ. ಗುಟುಕು ಅನ್ನುವ ತನಕ ಮಾತಾಡದೆ ನಿಲ್ಲುತ್ತಾಳೆ. ಆಮೇಲೆ ಹೊಳೆಯ ಮೇಲುಗಡೆಗೆ ಮುಖ ಮಾಡಿ, ಯಾರಿಗೂ ಕೇಳದಷ್ಟು ಸಣ್ಣ ದನಿಯಲ್ಲಿ, "ಕೇಳಿದೆ" ಅಂದು ಮನೆಗೆ ಹೋಗುತ್ತಾಳೆ.